ಅಕ್ಕಿ ಮೂಟೆ ಹೊತ್ತ ಮಾಸ್ಟ್

ದಾವಣಗೆರೆಯಲ್ಲಿ ಕೂತು, ಹಲಗೆ ಮೇಲೆ ನಿಂತು ಹಾಯಿ ಹಿಡಿದು ನೀರಲ್ಲಿ ಸಾಗುವ ವಿಂಡ್‌ಸರ್ಫಿಂಗ್ ಆಟದ ಹಾಯಿ ಕೊಳ್ಳೋಕೆ ಹೊರಟವನನ್ನು ನಮ್ಮ ಮನೆಯವರು ಯಾವ ದೃಷ್ಟಿಯಲ್ಲಿ ನೋಡಿರಬಹುದು ಅಂತ ಹೇಳಬೇಕಿಲ್ಲ. ನಾನು ಕಲಿತದ್ದು ಗೋವಾದಲ್ಲಿ, ವರ್ಷಕ್ಕೆ ಎರಡು ಸಲ ಹೋಗಿ ಬಾಡಿಗೆ ಹಾಯಿಯಲ್ಲೇ ಆಡಿ ಬರ್ತಿದ್ದೆ. ಅಲ್ಲಿ ಪರಿಚಯವಾದವರೊಬ್ಬರು ಸಾಮಾನೆಲ್ಲ ಮಾರಿ ಬೆಂಗಳೂರಿಗೆ ಹೊರಟಿದ್ದರು. "ನಿಮ್ಮೂರ ಮೇಲೇ ಬರ್ತೀನಲ್ಲ, ನೋಡಿ ತಗೊಳ್ಳಿ" ಅಂದರು. ಕಾರಿನ ಮೇಲೆ ಕಟ್ಟಿಕೊಂಡು ತಂದದ್ದು 4.7 ಚದರ ಮೀಟರಿನ ಒಂದು ವೇವ್ ಸೈಲ್, ಅಂದರೆ ಅಲೆಯಲ್ಲಿ ಆಡುವ ಹಾಯಿ, ಜೊತೆಗೆ ಅದನ್ನು ಎತ್ತಿ ನಿಲ್ಲಿಸುವ ಕಂಬ, ಎರಡು ತುಂಡಿನ 400 ಸೆಂ.ಮೀ. ಮಾಸ್ಟ್.

ಬಿಚ್ಚಿ ನೋಡೋಕೆ ಜಾಗ ಬೇಕಲ್ವಾ, ಮಾವನ ಅಂಗಡಿಗೆ ಕರೆದುಕೊಂಡು ಹೋದೆ. ಮಾವ ಲಾರಿಗಳಿಗೆ ತಾಡಪಾಲು ಹೊಲೆಯುವವರು. ಸಮುದ್ರದ ಹಾಯಿ ಮುಟ್ಟಿದ್ದು ಅದೇ ಮೊದಲು, ಆದರೂ ನನಗಿಂತ ಚೆನ್ನಾಗಿ ನೋಡಿದರು. ಹೊಲಿಗೆ ಮೇಲೆ ಉಗುರು ಎಳೆದರು. ಹಾಯಿಯ ಆಕಾರ ಹಿಡಿದಿಡುವ ಬ್ಯಾಟನ್ ಪಟ್ಟಿಗಳ ತುದಿ, ಹಲಗೆಗೆ ಉಜ್ಜುವ ಕೆಳ ಅಂಚು, ಮಾಸ್ಟ್ ತೂರಿಸುವ ತೋಳು, ಒಂದೂ ಬಿಡಲಿಲ್ಲ. ಆಮೇಲೆ ಬೆಳಕಿಗೆ ಹಿಡಿದು, "ಇಲ್ನೋಡಲೇ, ಇದನ್ನ ಬಿಸಿಲು ತಿಂದೈತಿ" ಅಂದರು. ನಡುವಿನ ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಮಾನೋಫಿಲ್ಮ್, ಹಾಲಿನ ಹಾಗೆ ಮಸುಕಾಗಿ, ಬಗ್ಗಿಸಿದರೆ ಚಟಚಟ ಅನ್ನುತ್ತಿತ್ತು. ಹರಿಯೋದಾದರೆ ಮೊದಲು ಅಲ್ಲೇ. ಉಳಿದದ್ದೆಲ್ಲ ಒಳಗೆ ದಾರದ ಜಾಲ ಇರುವ ಗಟ್ಟಿ ಹಾಳೆ, ತೂತಾದರೂ ಉದ್ದಕ್ಕೆ ಸೀಳೋದಿಲ್ಲ. ಅಲೆಯಲ್ಲಿ ಬಿದ್ದು ಒದ್ದಾಡೋಕೆ ಅಂತಲೇ ಹಾಗೆ ಮಾಡಿರ್ತಾರೆ. ಕಿಟಕಿಯ ಲೆಕ್ಕಕ್ಕೆ ಮಾರುವವರು ಬೆಲೆಯಲ್ಲಿ ಎರಡು ಸಾವಿರ ಇಳಿಸಿದರು.

ತಲೆನೋವು ಮಾಸ್ಟ್‌ದು. ನೂರಕ್ಕೆ ನೂರು ಕಾರ್ಬನ್, ಕೈಯಲ್ಲಿ ಹಿಡಿದರೆ ಬಿದಿರಿಗಿಂತ ಹಗುರ. ನಾಣ್ಯದಿಂದ ತಟ್ಟಿ ನೋಡಿದೆ, ಎಲ್ಲೂ ಸತ್ತ ಸದ್ದಿಲ್ಲ, ಬಿರುಕಿಲ್ಲ. ಹಾಯಿಯ ಬುಡದಲ್ಲಿ ಲಫ್ (ಮಾಸ್ಟ್ ಕಡೆಯ ಅಂಚು) 424, ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು) 168, ಮಾಸ್ಟ್ 400, ಐಎಂಸಿಎಸ್ (ಮಾಸ್ಟ್ ಗಡಸುತನದ ಅಂಕಿ) 19 ಅಂತ ಅಚ್ಚಾಗಿತ್ತು. ಕಡಿಮೆ ಬೀಳುವ 24 ಸೆಂ.ಮೀ. ಬುಡಕ್ಕೆ ಸಿಕ್ಕಿಸುವ ಎಕ್ಸ್‌ಟೆನ್ಶನ್‌ನಲ್ಲಿ ಸರಿಹೋಗುತ್ತೆ. "ಇದು ಯಾವ ಹಾಯಿಗಾದ್ರೂ ಆಗುತ್ತೆ" ಅಂದರು ಮಾರುವವರು. ನನಗೆ ನಂಬಿಕೆ ಬರಲಿಲ್ಲ. ಗಡಸುತನ ಒಂದೇ ಇದ್ದರೂ ಬಾಗುವ ರೀತಿ ಬೇರೆ ಇರಬಹುದು, ಒಂದೊಂದು ಕಂಪನಿ ಒಂದೊಂದು ಬಾಗಿಗೆ ಹಾಯಿ ಕತ್ತರಿಸುತ್ತೆ. ಈ ಹಾಯಿಗೆ ಬೇಕಾದದ್ದು ಉದ್ದಕ್ಕೂ ಒಂದೇ ಹದದಲ್ಲಿ ಬಾಗುವ ಕಾನ್‌ಸ್ಟಂಟ್ ಕರ್ವ್. ಮಾಸ್ಟ್ ಮೇಲಿನ ಸ್ಟಿಕ್ಕರ್ ಅಳಿಸಿಹೋಗಿತ್ತು.

ಸರಿ, ಅಳೆದೇ ಬಿಡೋಣ ಅಂದೆ. ಎರಡು ತುದಿಗೂ ಮೇಜು ಕೊಟ್ಟು ನಡುವೆ 30 ಕೆ.ಜಿ. ತೂಗುಹಾಕಬೇಕು. ಮಂಡಕ್ಕಿ ಊರಲ್ಲಿ ಮೂಟೆಗೇನು ಬರ, ಆದರೆ ಮಂಡಕ್ಕಿ 30 ಕೆ.ಜಿ. ಆಗಬೇಕಾದರೆ ಅಂಗಡಿ ಸಾಲೋದಿಲ್ಲ. ಪಕ್ಕದ ದಿನಸಿ ಅಂಗಡಿಯಿಂದ 25 ಕೆ.ಜಿ. ಅಕ್ಕಿ ಮೂಟೆ, ಮೇಲೆ 5 ಕೆ.ಜಿ. ಸಕ್ಕರೆ ಕೇಳಿ ತಂದೆವು. ರಸ್ತೆಯಲ್ಲಿ ಹೋಗುವವರೆಲ್ಲ ನಿಂತುಬಿಟ್ಟರು.

ನಡುವೆ 21 ಸೆಂ.ಮೀ. ಜೋಲಿತು. 400ನ್ನು 21ರಿಂದ ಭಾಗಿಸಿದರೆ 19, ಅಂದರೆ ಗಡಸುತನ ಸರಿಯಾಗಿದೆ. ಬುಡದ ಕಾಲುಭಾಗದಲ್ಲಿ 13.3, ತುದಿಯ ಕಾಲುಭಾಗದಲ್ಲಿ 16.6. ನಡುವಿನ ಜೋಲಿಗೆ ಹೋಲಿಸಿದರೆ ಶೇಕಡಾ 63 ಮತ್ತು 79, ವ್ಯತ್ಯಾಸ 16. ಕಾನ್‌ಸ್ಟಂಟ್ ಕರ್ವ್ ಆಗಿದ್ದರೆ 10ರಿಂದ 12 ಇರಬೇಕಿತ್ತು. ಇದು ತುದಿ ಮೆತ್ತಗಿರುವ ಫ್ಲೆಕ್ಸ್ ಟಾಪ್.

ಮಾರುವವರು ಒಪ್ಪಲಿಲ್ಲ. ಸಂಜೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ಕಟ್ಟಿದೆವು. ಹಗ್ಗ ಎಳೆದಷ್ಟೂ ಮೇಲಿನ ಅಂಚು ಒಣಹಾಕಿದ ಪಂಚೆ ಥರ ಜೋತಾಡಿತು, ಕೆಳಗೆ ಹೊಟ್ಟೆ ಹಾಗೇ ಉಬ್ಬಿಕೊಂಡಿತ್ತು. ಕ್ರಿಕೆಟ್ ಆಡ್ತಿದ್ದ ಹುಡುಗ ಬಂದು "ಅಂಕಲ್, ಹಾರುತ್ತಾ?" ಅಂದ. ಮಾವ "ನಿಮ್ಮ ಅಂಕಲ್ ಹಾರ್ತಾನೆ" ಅಂದರು.

ಹಾಯಿ ಒಂದನ್ನೇ ಇಟ್ಟುಕೊಂಡೆ, ಮಾಸ್ಟ್ ಅವರ ಜೊತೆ ಬೆಂಗಳೂರಿಗೆ ಹೋಯಿತು. ಅಷ್ಟು ಹಗುರ ಕಾರ್ಬನ್ ಬಿಟ್ಟೆನಲ್ಲ ಅಂತ ಹೊಟ್ಟೆ ಉರಿದದ್ದು ನಿಜ. ಸಕ್ಕರೆ ವಾಪಸ್ ಕೊಟ್ಟೆವು. ಅಕ್ಕಿ ಮೂಟೆಗೆ ಹಗ್ಗ ಬಿಗಿಯುವಾಗ ಬಾಯಿ ಬಿಚ್ಚಿತ್ತು, ಮಾವ ತಾಡಪಾಲಿನ ಹಸಿರು ದಾರದಲ್ಲಿ ಅಚ್ಚುಕಟ್ಟಾಗಿ ಹೊಲೆದೂ ಕೊಟ್ಟರು. ದಿನಸಿ ಅಂಗಡಿಯವರು ಆ ಹೊಲಿಗೆ ನೋಡಿ ನಕ್ಕರೇ ಹೊರತು ಮೂಟೆ ತಗೊಳ್ಳಲಿಲ್ಲ. ಈಗ ಮನೆಯಲ್ಲಿ ದಿನಾ ಅದೇ ಅನ್ನ.