ಧಾತು-ಈಶ್ವರ ಬರ: ಮಳೆ ಬಂದ ಮೇಲೂ ಜನ ಸತ್ತರು

1871ರ ಜನಗಣತಿಯ ಪ್ರಕಾರ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನ. 1881ರಲ್ಲಿ ಸುಮಾರು 42 ಲಕ್ಷ. ನಡುವೆ ಬಂದದ್ದು 1876–78ರ ಬರ. ನಮ್ಮ ಜನ ಅದನ್ನು ಆ ಎರಡು ಸಂವತ್ಸರಗಳ ಹೆಸರಲ್ಲೇ ನೆನಪಿಟ್ಟುಕೊಂಡರು: ಧಾತು-ಈಶ್ವರ ಬರ.

ಮಳೆ ಕೈಕೊಟ್ಟಿದ್ದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಆ ವರ್ಷಗಳಲ್ಲಿ ಪೆಸಿಫಿಕ್ ಸಾಗರ ಬಿಸಿಯಾಗಿ, ನಮ್ಮ ಮುಂಗಾರನ್ನು ಸೊರಗಿಸುವ ಭಾರೀ ಎಲ್ ನಿನೋ ಎದ್ದಿತ್ತು. ಚೀನಾದಲ್ಲೂ ಬ್ರೆಜಿಲ್‌ನಲ್ಲೂ ಅದೇ ಹೊತ್ತಿಗೆ ಬರ. ಆದರೆ ಸಾವಿನ ಲೆಕ್ಕವನ್ನೆಲ್ಲ ಮೋಡದ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಕಡೆ ಬರ ಹೊಸದೇನಲ್ಲ. ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ತುಂಬಿ ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ವರ್ಷ ಮಳೆ ಹೋದರೆ ಹಗೇವು ಕಾಪಾಡುತ್ತಿತ್ತು, ಆದರೆ ಈ ಸಲ 1875ರಲ್ಲೇ ಬೆಳೆ ಅಷ್ಟಕ್ಕಷ್ಟೆ, ಮರುವರ್ಷ ಮುಂಗಾರೂ ಇಲ್ಲ ಹಿಂಗಾರೂ ಇಲ್ಲ, ಹಗೇವು ಬರಿದಾದ ಮೇಲೆ ಕೂಲಿಯವನು ವ್ಯಾಪಾರಿ ಕೇಳಿದ ಬೆಲೆ ಕೊಟ್ಟು ಕೊಳ್ಳಬೇಕು, ಕೊಳ್ಳಲು ದುಡ್ಡು ಬೇಕು, ದುಡ್ಡಿಗೆ ಹೊಲದಲ್ಲಿ ಕೆಲಸವೇ ಇಲ್ಲ. ಬೆಂಗಳೂರಿನವರೆಗೆ ರೈಲಿನಲ್ಲಿ ಧಾನ್ಯ ಬರುತ್ತಿತ್ತು. ಅಲ್ಲಿಂದಾಚೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು.

ಆಗ ಮೈಸೂರನ್ನು ಆಳುತ್ತಿದ್ದದ್ದು ಬ್ರಿಟಿಷ್ ಕಮಿಷನರು. ದಕ್ಷಿಣದ ಪರಿಹಾರ ಕೆಲಸದ ಖರ್ಚು ಹಿಡಿತದಲ್ಲಿಡಲು 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ್ದು ರಿಚರ್ಡ್ ಟೆಂಪಲ್‌ನನ್ನು. ಈತನ ಕಥೆಯೇ ವಿಚಿತ್ರ. 1874ರಲ್ಲಿ ಬಿಹಾರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದವನು ಇವನೇ, ಅದಕ್ಕೆ ದುಂದುಗಾರ ಅಂತ ಬೈಸಿಕೊಂಡವನೂ ಇವನೇ. ಪಾಠ ಚೆನ್ನಾಗಿಯೇ ಕಲಿತ. ಮದ್ರಾಸ್ ಪ್ರಾಂತ್ಯದಲ್ಲಿ ಗಂಡಾಳಿಗೆ ದಿನದ ಕೂಲಿ ಒಂದು ಪೌಂಡ್ ಧಾನ್ಯ, ಮೇಲೆ ಒಂದು ಆಣೆ ಅಂತ ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕೆಜಿಗಿಂತ ಕಡಿಮೆ! ಅದನ್ನು ತಿಂದು ದಿನವಿಡೀ ಮಣ್ಣು ಹೊರಬೇಕು. ಇದು ಸಾಲುವುದಿಲ್ಲ ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಹಟ ಹಿಡಿದು ವಾದಿಸಿದರು. ಕೆಲವು ತಿಂಗಳಾದ ಮೇಲೆ ಕೂಲಿ ಏರಿಸಿದರು, ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು.

ಹಸಿವಿನಿಂದಲೇ ಪ್ರಾಣ ಬಿಟ್ಟವರ ಜೊತೆಗೆ ರೋಗದಿಂದ ಸತ್ತವರೂ ಲಕ್ಷಗಟ್ಟಲೆ. ಊರು ಬಿಟ್ಟು ಬಂದವರೆಲ್ಲ ಪರಿಹಾರ ಶಿಬಿರಗಳಲ್ಲಿ ಗುಂಪುಗೂಡಿದರು. ಇದ್ದಬದ್ದ ನೀರನ್ನೇ ಎಲ್ಲರೂ ಕುಡಿಯಬೇಕು. ಕಾಲರಾ ಹಬ್ಬಲು ಇನ್ನೇನು ಬೇಕು? ಸಿಡುಬು, ಭೇದಿ ಕೂಡ ಬಂದವು. 1877ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕೊನೆಗೂ ಒಳ್ಳೆಯ ಮಳೆ ಬಂತು. ಇನ್ನು ಉಳಿದೆವು ಅನ್ನುವ ಹೊತ್ತಿಗೆ ಹೊಂಡಗಳಲ್ಲಿ ನೀರು ನಿಂತು, ಸೊಳ್ಳೆ ಎದ್ದು, ಮಲೇರಿಯಾ ಶುರುವಾಯಿತು. ಮೂಳೆ ಚಕ್ಕಳವಾದ ಮೈಗೆ ಚಳಿಜ್ವರ ತಡೆಯುವ ಶಕ್ತಿ ಎಲ್ಲಿಂದ ಬರಬೇಕು. ಜ್ವರ ಯಾಕೆ ಬರುತ್ತದೆ ಅಂತಲೂ ಆಗ ಯಾರಿಗೂ ಗೊತ್ತಿರಲಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ, ಅಂದರೆ ಇಪ್ಪತ್ತು ವರ್ಷ ಆದ ಮೇಲೆ.

1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರಿಗೆ ವಾಪಸ್ ಕೊಟ್ಟರು. ಹದಿನೆಂಟರ ಚಾಮರಾಜೇಂದ್ರ ಒಡೆಯರ್ ಕೈಗೆ ರಾಜ್ಯದ ಜೊತೆ ಬಂದದ್ದು ಬರದ ಖರ್ಚಿನಿಂದಾದ 80 ಲಕ್ಷ ರೂಪಾಯಿ ಸಾಲ. ದಿವಾನ್ ರಂಗಾಚಾರ್ಲು ಮೊದಲು ಕೂತದ್ದೇ ಖರ್ಚು ಕಡಿತಕ್ಕೆ. ಬದುಕುಳಿದ ರೈತರ ಕಂದಾಯದಿಂದಲೇ ಆ ಸಾಲ ತೀರಬೇಕಿತ್ತು, ಅಲ್ವಾ?