ಟೆರೇಸ್ ಮೇಲೆ 117ನೇ ನಿಮಿಷ

2019ರ ಮಾರ್ಚ್ 17ರ ರಾತ್ರಿ ನನ್ನ ಫೋನಿಗೆ ಒಂದು ಮೆಸೇಜ್ ಬಂತು. "ಬೇಕೆ ಬೇಕೆ ಬೇಕೆ ಬೇಕೆ." ಅಷ್ಟೇ, ಬೇರೆ ಏನೂ ಇಲ್ಲ.

ಕಳಿಸಿದವನು ನನ್ನ ಕಾಲೇಜು ಗೆಳೆಯ. ಅವನು ಮುಂಬೈನಲ್ಲಿದ್ದ, ಅಂಧೇರಿಯ ಸ್ಟೇಡಿಯಂ ಒಳಗೆ. ನಾನು ಇಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ನೈಟ್ ಡ್ಯೂಟಿ ಮೇಲಿದ್ದೆ. ಭಾನುವಾರದ ಡ್ಯೂಟಿ ಯಾರೂ ಬದಲಾಯಿಸಿಕೊಳ್ಳಲು ಒಪ್ಪಿರಲಿಲ್ಲ. ಎಮರ್ಜೆನ್ಸಿಯಿಂದ ಬಂದ ರಕ್ತದ ಸ್ಯಾಂಪಲ್‌ಗಳನ್ನು ಸೆಂಟ್ರಿಫ್ಯೂಜ್‌ಗೆ ಹಾಕಿ, ಅದು ತಿರುಗುವ ಸದ್ದು ಕೇಳುತ್ತಾ ನಿಂತಿದ್ದೆ. ಆಗ ಏಪ್ರನ್ ಜೇಬಿನಲ್ಲಿ ಫೋನ್ ನಡುಗಿತು. ಬೆಳಿಗ್ಗೆ ಅವನು ಅಲ್ಲಿಂದ ಸ್ಕಾರ್ಫ್ ತರಲಾ ಅಂತ ಕೇಳಿದ್ದ. ಅದನ್ನೇ ಮತ್ತೆ ಕೇಳುತ್ತಿದ್ದಾನೆ ಅಂದುಕೊಂಡೆ. "ಸ್ಕಾರ್ಫ್ ಬೇಡ ಮಗಾ, ಸ್ಕೋರ್ ಹೇಳು" ಅಂತ ಬರೆದೆ.

ಹತ್ತು ನಿಮಿಷ ಉತ್ತರವೇ ಇಲ್ಲ. ಆಮೇಲೆ ಬಂತು: "ಭೇಕೆ ಕಣೋ! ರಾಹುಲ್ ಭೇಕೆ! ಗೆದ್ವಿ!" ಆ ಗದ್ದಲದಲ್ಲಿ, ನಡುಗುವ ಬೆರಳಲ್ಲಿ, ಭ ಬದಲು ಬ ಒತ್ತಿದ್ದ ಅವನು.

ನನ್ನ ತಂಡ ಬೆಂಗಳೂರು ಎಫ್‌ಸಿ, ಗೋವಾ ವಿರುದ್ಧದ ಫೈನಲ್‌ನಲ್ಲಿ, ಮೊದಲ ಸಲ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಕಪ್ ಗೆದ್ದ ಗೋಲು ನನಗೆ ಸಿಕ್ಕಿದ್ದು ಹೀಗೆ, ಒಂದು ಪದವಾಗಿ. ಮರುದಿನ ಹೈಲೈಟ್ಸ್ ನೋಡಿದೆ. ಆ ವಾರವೆಲ್ಲ ನೋಡಿದೆ. ಡಿಮಾಸ್ ಡೆಲ್ಗಾಡೊ ಕಾರ್ನರ್ ಹೊಡೀತಾನೆ, ಭೇಕೆ ತಲೆ ಕೊಡ್ತಾನೆ, ಬಾಲು ಬಲೆಯಲ್ಲಿ. ಕೆಲವೇ ಸೆಕೆಂಡು. ಆದರೆ ಅದಕ್ಕಿಂತ ಮುಂಚಿನ 116 ನಿಮಿಷ ನನ್ನ ಹತ್ತಿರ ಇರಲಿಲ್ಲ. ಅಲ್ಲಿದ್ದವರೆಲ್ಲ ಆ ರಾತ್ರಿಯ ಬಗ್ಗೆ ಮಾತಾಡುವಾಗ ಗೋಲಿನ ಬಗ್ಗೆ ಕಡಿಮೆ, ಆ ಕಾಯುವಿಕೆಯ ಬಗ್ಗೆ ಜಾಸ್ತಿ ಮಾತಾಡುತ್ತಿದ್ದರು. ನಾನು ಸುಮ್ನೆ ತಲೆ ಆಡಿಸುತ್ತಿದ್ದೆ.

ಅದು ಗೊತ್ತಿದ್ದ ಅಣ್ಣ ಒಬ್ಬರಿದ್ದಾರೆ. ಆಸ್ಟಿನ್ ಟೌನ್‌ನಲ್ಲಿ ಮನೆ. ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕ್‌ನಲ್ಲಿ ನಾವಿಬ್ಬರೂ ವರ್ಷಗಟ್ಟಲೆ ಅಕ್ಕಪಕ್ಕ ನಿಂತವರು. ಅಂದಿನ ಮ್ಯಾಚ್ ಪೂರ್ತಿಯನ್ನು ಅವರು ಮನೆಯ ಸೆಟ್‌ಟಾಪ್ ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಆ ರೆಕಾರ್ಡಿಂಗ್ ಬೇರೆ ಎಲ್ಲೂ ಓಡೋದಿಲ್ಲ, ಆ ಬಾಕ್ಸ್‌ನಲ್ಲೇ ಓಡಬೇಕು. ಅದಕ್ಕೋಸ್ಕರ ಐದು ವರ್ಷ ಆ ಬಾಕ್ಸ್ ಬದಲಾಯಿಸಲು ಅವರು ಒಪ್ಪಿರಲಿಲ್ಲ. ರಿಮೋಟ್ ಕೆಟ್ಟು ಹೋಗಿ, ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟುಕೊಂಡಿದ್ದರು. 2024ರಲ್ಲಿ ಮಾರ್ಚ್ 17 ಮತ್ತೆ ಭಾನುವಾರ ಬಂತು. ಅಣ್ಣ ಫೋನ್ ಮಾಡಿ, "ಈ ಸಲ ಡ್ಯೂಟಿ ಹಾಕಿಸ್ಕೋಬೇಡ, ನಮ್ಮ ಟೆರೇಸ್‌ಗೆ ಬಾ. ಎಲ್ಲರೂ ಕೂತು ಪೂರ್ತಿ ನೋಡೋಣ. ಬರ್ತಾ ನೀರು ತಗೊಂಡು ಬಾ" ಅಂದರು.

ನೀರಿನ ಮಾತು ತಮಾಷೆಯಲ್ಲ. ಆ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಹೋಗಿದ್ದು ನೆನಪಿರಬೇಕು. ಅವರ ಮನೆಯ ಸಿಂಟೆಕ್ಸ್ ತಟ್ಟಿದರೆ ಡೋಲಿನ ಹಾಗೆ ಸದ್ದು ಬರುತ್ತಿತ್ತು. ಬಂದವರೆಲ್ಲ ಒಂದೊಂದು ಬಾಟಲ್ ನೀರು ತಂದಿದ್ದರು. ಒಬ್ಬ ಮಾತ್ರ 20 ಲೀಟರಿನ ಕ್ಯಾನನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿ ಬಂದ. ಅವನಿಗೇ ಎಲ್ಲಕ್ಕಿಂತ ಜೋರು ಚಪ್ಪಾಳೆ.

ಬಟ್ಟೆ ಒಣಗಿಸುವ ತಂತಿಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಗಾಳಿಗೆ ಹಾರದ ಹಾಗೆ ಕೆಳಗೆ ಇಟ್ಟಿಗೆ ಕಟ್ಟಿದ್ದರು. ಬಾಡಿಗೆ ಪ್ರೊಜೆಕ್ಟರ್. ಒಟ್ಟು ಹದಿನಾಲ್ಕು ಜನ, ಹೆಚ್ಚಿನವರು ನೀಲಿ ಜೆರ್ಸಿಯಲ್ಲಿ. ರಂಜಾನ್ ತಿಂಗಳು. ಉಪವಾಸ ಇದ್ದ ಇಬ್ಬರಿಗೋಸ್ಕರ ಮೊದಲು ಇಫ್ತಾರ್ ಆಯಿತು. ಖರ್ಜೂರ, ಕಲ್ಲಂಗಡಿ, ಸಮೋಸ. ಅಣ್ಣನ ಹೆಂಡತಿ ದೊಡ್ಡ ಪಾತ್ರೆ ತುಂಬ ನಿಂಬೆ ಶರಬತ್ತು ಮಾಡಿದ್ದರು. ನಾವು ಉಪವಾಸ ಇಲ್ಲದವರೂ ಅವರ ಜೊತೆಗೇ ಕಾದು ಕುಡಿದೆವು.

ಏಳೂವರೆಗೆ ಮ್ಯಾಚ್ ಶುರು ಮಾಡಿದೆವು.

ಇಲ್ಲಿ ಆ ಫೈನಲ್‌ಗಿಂತ ಒಂದು ವರ್ಷ ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಆ ಟೆರೇಸ್ ಮೇಲೆ ಯಾಕೆ ಅಷ್ಟು ಮೌನ ಇತ್ತು ಅಂತ ಅರ್ಥ ಆಗೋದಿಲ್ಲ. 2018ರಲ್ಲೂ ಫೈನಲ್ ಮಾರ್ಚ್ 17ಕ್ಕೇ ಇತ್ತು. ಅದೂ ನಮ್ಮ ಕಂಠೀರವದಲ್ಲಿ, ನಮ್ಮ ಜನರ ಮುಂದೆ, ಚೆನ್ನೈಯಿನ್ ವಿರುದ್ಧ. ಐಎಸ್‌ಎಲ್‌ನಲ್ಲಿ ನಮ್ಮದು ಮೊದಲ ಸೀಸನ್, ಲೀಗ್‌ನಲ್ಲಿ ಮೊದಲ ಸ್ಥಾನ. ಒಂಬತ್ತನೇ ನಿಮಿಷಕ್ಕೆ ಉದಾಂತನ ಕ್ರಾಸ್‌ಗೆ ಸುನಿಲ್ ಛೇತ್ರಿ ಹಾರಿ ತಲೆ ಕೊಟ್ಟು ಗೋಲು ಹೊಡೆದಾಗ ಸ್ಟ್ಯಾಂಡಿನ ಕಾಂಕ್ರೀಟ್ ಕಾಲ ಕೆಳಗೆ ಅದುರಿತ್ತು. ಆಮೇಲೆ ಎರಡು ಕಾರ್ನರ್. ಎರಡಕ್ಕೂ ಅವರ ಡಿಫೆಂಡರ್ ಮೈಲ್ಸನ್ ಆಲ್ವೆಸ್ ತಲೆ ಕೊಟ್ಟ, ಎರಡೂ ಗೋಲು. ಕೊನೆಗೆ 3-2ರಲ್ಲಿ ಸೋತೆವು. ಅಂದು ಸ್ಟೇಡಿಯಂನಿಂದ ಮೆಜೆಸ್ಟಿಕ್ ತನಕ ನಾನು ಮತ್ತು ಆ ಅಣ್ಣ ನಡೆದುಕೊಂಡೇ ಹೋದೆವು. ಒಂದು ಮಾತೂ ಆಡಿರಲಿಲ್ಲ. ಅಂದಿನಿಂದ ಎದುರಾಳಿಗೆ ಕಾರ್ನರ್ ಸಿಕ್ಕರೆ ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

ಟೆರೇಸ್ ಮೇಲೂ ಮುಚ್ಚಿಕೊಂಡರು! ಐದು ವರ್ಷ ಹಳೆಯ ಮ್ಯಾಚ್, ಫಲಿತಾಂಶ ಎಲ್ಲರಿಗೂ ಗೊತ್ತು, ಗೋವಾ ಆ ದಿನ ಗೋಲೇ ಹೊಡೆಯಲಿಲ್ಲ ಅಂತ ಗೊತ್ತು. ಆದರೂ ಗೋವಾಕ್ಕೆ ಕಾರ್ನರ್ ಸಿಕ್ಕಾಗೆಲ್ಲ ಅವರ ಕೈ ತಾನಾಗಿ ಮುಖಕ್ಕೆ ಹೋಗುತ್ತಿತ್ತು. ನನಗೂ ಹೊಟ್ಟೆಯಲ್ಲಿ ಒಂಥರಾ ಆಗುತ್ತಿತ್ತು. ಗೋವಾದ ಕೋರೋ ಆ ಸೀಸನ್‌ನಲ್ಲಿ ಎಲ್ಲರಿಗಿಂತ ಜಾಸ್ತಿ, 16 ಗೋಲು ಹೊಡೆದವನು. ಅವನ ಕಾಲಿಗೆ ಬಾಲು ಸಿಕ್ಕರೆ ಸಾಕು, ಹಿಂದೆ ಕೂತ ಹುಡುಗರು ಉಸಿರು ಬಿಗಿ ಹಿಡಿಯುತ್ತಿದ್ದರು. ಗೆದ್ದಿದ್ದೇವೆ ಅನ್ನೋದು ತಲೆಗೆ ಗೊತ್ತು, ಮೈಗೆ ಗೊತ್ತಿಲ್ಲ.

ಹಾಫ್ ಟೈಮ್‌ಗೆ ಸ್ಕೋರ್ 0-0. ಇಬ್ಬರು ಗೆಳೆಯರು ತರಾವೀಹ್ ನಮಾಜಿಗೆ ಮಸೀದಿಗೆ ಹೋಗಿದ್ದರು, ಅವರು ಬರುವ ತನಕ ಮುಂದಕ್ಕೆ ಹಾಕೋದು ಬೇಡ ಅಂತ ನಿಲ್ಲಿಸಿದೆವು. ಆ ಹೊತ್ತಿನಲ್ಲಿ ಅಣ್ಣನ ಮಾವ ಮೇಲೆ ಬಂದರು. ಹುಟ್ಟಿ ಬೆಳೆದದ್ದು ಹಲಸೂರಿನ ಹತ್ತಿರದ ಗೌತಮಪುರದಲ್ಲಿ. ಪೆಲೆ ಪ್ರತಿಮೆ ಇಟ್ಟುಕೊಂಡ ಏರಿಯಾ ಅದು, ಫುಟ್‌ಬಾಲ್ ಅಂದರೆ ಪ್ರಾಣ. ಚಿಕ್ಕ ವಯಸ್ಸಿನಲ್ಲಿ ಬರಿಗಾಲಲ್ಲಿ ಆಡಿದವರು. ಮಂಡಿ ನೋವಿಗೆ ಒಂದು ಕಾಲನ್ನು ಎದುರಿನ ಸ್ಟೂಲಿನ ಮೇಲೆ ಚಾಚಿ ಕೂತು, 1968-69ರಲ್ಲಿ ಮೈಸೂರು ರಾಜ್ಯ, ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದ ಕಥೆ ತೆಗೆದರು.

"ಆಗ ನಂಗೆ ಹತ್ತು ವರ್ಷ. ಟಿಕೆಟ್‌ಗೆ ಕಾಸು ಎಲ್ಲಿ ಬರ್ಬೇಕು? ನಮ್ಮಪ್ಪ ಹೋಗಿದ್ರು. ರಾತ್ರಿ ಬಂದು ತಟ್ಟೆ ಮುಂದೆ ಕೂತು, ಅನ್ನದ ಮೇಲೆ ಸಾರು ಹಾಕ್ಕೊಳ್ದೆ, ಗೋಲು ಹೆಂಗಾಯ್ತು ಅಂತ ಬೆರಳಲ್ಲಿ ತಟ್ಟೆ ಮೇಲೆ ಗೆರೆ ಎಳೆದು ತೋರಿಸಿದ್ರು. ನಾನು ನೋಡಿದ್ದು ಅದೇ ಗೋಲು."

ಆಮೇಲೆ ಆ ಟ್ರೋಫಿ ನಮ್ಮ ರಾಜ್ಯಕ್ಕೆ ಮತ್ತೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಮಾವ ಮೊಬೈಲ್ ಹಿಡಿದುಕೊಂಡು ಅತ್ತಿದ್ದರಂತೆ. ಮಗಳು ಹೇಳಿದರು. ಅವರು ಅಲ್ಲ ಅನ್ನಲಿಲ್ಲ.

ನನಗೆ ಅವರ ಮಾತು ತುಂಬ ಹತ್ತಿರ ಅನ್ನಿಸಿತು. ಅವರಿಗೆ ತಟ್ಟೆ ಮೇಲಿನ ಗೆರೆ, ನನಗೆ ಫೋನಿನಲ್ಲಿ ಒಂದು ಪದ. ನಾನು ಆ ಮೆಸೇಜ್ ಕಥೆ ಹೇಳಿದೆ. ಮಾವ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಿಲೀಟ್ ಮಾಡ್ಬೇಡಪ್ಪ ಅದನ್ನ" ಅಂದರು. ಮಾಡಿಲ್ಲ.

ನಮಾಜಿಗೆ ಹೋದವರು ಬಂದ ಮೇಲೆ ಸೆಕೆಂಡ್ ಹಾಫ್ ಹಾಕಿದೆವು. ನಮ್ಮ ಮಿಕು ಹೊಡೆದದ್ದು ಗೋಲು ಕಂಬಕ್ಕೆ ಬಡಿದು ವಾಪಸ್ ಬಂದಾಗ ಇಡೀ ಟೆರೇಸ್ "ಅಯ್ಯೋ" ಅಂತು. ಅಂಧೇರಿಗೆ ಹೋಗಿದ್ದ ಇನ್ನೊಬ್ಬ ಗೆಳೆಯ ನಮ್ಮ ಜೊತೆ ಇದ್ದ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೆಚ್ಚೂ ಕಡಿಮೆ ಒಂದು ಇಡೀ ದಿನ ಕೂತು ಹೋದವನು. "ಇಲ್ಲಿಂದ ಮುಂದೆ ನಮಗೆ ಗಂಟಲೇ ಇರಲಿಲ್ಲ. ಹಾಡ್ತಾ ಇದ್ವಿ, ಸೌಂಡ್ ಬರ್ತಾ ಇರಲಿಲ್ಲ" ಅಂದ. ಪರದೆಯಲ್ಲಿ ನೀಲಿ ಗುಂಪು ಕಂಡಾಗೆಲ್ಲ ಎದ್ದು ಹೋಗಿ ಬೆಡ್‌ಶೀಟ್ ಮೇಲೆ ಬೆರಳಿಟ್ಟು ತನ್ನನ್ನು ಹುಡುಕುತ್ತಿದ್ದ. ಸಿಗಲಿಲ್ಲ.

90 ನಿಮಿಷ ಮುಗಿಯಿತು. ಎಕ್ಸ್‌ಟ್ರಾ ಟೈಮ್. ಅದರ ಮೊದಲರ್ಧದ ಕೊನೆಗೆ ಗೋವಾದ ಅಹ್ಮದ್ ಜಾಹುಗೆ ಎರಡನೇ ಹಳದಿ ಕಾರ್ಡ್, ಹೊರಗೆ. ಅವರು ಹತ್ತೇ ಜನ. ನಮ್ಮವರ ಕಾಲೂ ಸೋತಿತ್ತು, ಸಾಕ್ಸ್ ಕೆಳಗೆ ಜಾರಿತ್ತು, ನಿಂತಲ್ಲೇ ಮಂಡಿ ಹಿಡಿದು ಬಗ್ಗುತ್ತಿದ್ದರು. ಹೈಲೈಟ್ಸ್‌ನಲ್ಲಿ ಇದು ಯಾವುದೂ ಇರೋದಿಲ್ಲ. ಪೆನಾಲ್ಟಿಗೆ ಹೋಗುತ್ತೆ ಅಂತ ಅಲ್ಲಿದ್ದವರಿಗೆ ಎಷ್ಟು ಗಟ್ಟಿಯಾಗಿ ಅನ್ನಿಸಿತ್ತೋ ನನಗೂ ಹಾಗೇ ಅನ್ನಿಸಿತು. ಪೆನಾಲ್ಟಿ ಅಂದರೆ ನಮಗೆ ಇನ್ನೊಂದು ಗಾಯ ನೆನಪಾಗುತ್ತೆ. 2023ರ ಮಾರ್ಚ್ 18ರಂದು ಫತೋರ್ಡಾದಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ ಫೈನಲ್ ಸೋತದ್ದು ಪೆನಾಲ್ಟಿಯಲ್ಲೇ. 2019ರ ಮ್ಯಾಚ್ ನೋಡುತ್ತಾ 2023ರ ಭಯ ಪಡೋದು ಹೇಗೆ ಅಂತ ಕೇಳಬಹುದು. ಆಗುತ್ತೆ, ನಾನು ಪಟ್ಟೆ.

ಮತ್ತೆ ಆ ಕಾರ್ನರ್.

ಡಿಮಾಸ್ ಬಾಲು ಇಟ್ಟು ಹಿಂದೆ ಸರಿದ. ಅಣ್ಣ ಈ ಸಲ ಮುಖ ಮುಚ್ಚಲಿಲ್ಲ, ನನ್ನ ಮೊಣಕೈ ಹಿಡಿದುಕೊಂಡರು. ಟೆರೇಸ್ ಮೇಲೆ ಯಾರೂ ಮಾತಾಡಲಿಲ್ಲ. ಗಾಳಿಗೆ ಬೆಡ್‌ಶೀಟ್ ಸ್ವಲ್ಪ ಉಬ್ಬಿತು, ಆಟಗಾರರೆಲ್ಲ ಒಂದು ಕ್ಷಣ ಅಗಲವಾಗಿ ಕಂಡರು. ಬಾಲು ಬಂತು. ಮುಂಬೈನಲ್ಲೇ ಹುಟ್ಟಿದ ಹುಡುಗ, ತನ್ನ ಊರಿನಲ್ಲೇ, ಎಲ್ಲರಿಗಿಂತ ಮೇಲೆ ಎದ್ದು ತಲೆ ಕೊಟ್ಟ.

ಹದಿನಾಲ್ಕು ಜನ ಒಟ್ಟಿಗೆ ಎದ್ದೆವು. ಶರಬತ್ತಿನ ಪಾತ್ರೆ ಉರುಳಿತು. ಮಾವ ಎದ್ದು ನಿಲ್ಲಲು ಆಗದೆ ಕೂತಲ್ಲೇ ಎರಡೂ ಕೈ ಮೇಲೆತ್ತಿದ್ದರು. ನಾನು ಏನು ಕೂಗಿದೆನೋ ನನಗೇ ನೆನಪಿಲ್ಲ, ಆದರೆ ಐದು ವರ್ಷದಿಂದ ಒಳಗೆ ಇಟ್ಟುಕೊಂಡಿದ್ದನ್ನೆಲ್ಲ ಕೂಗಿದೆ. ಹಿಂದಿನ ವರ್ಷ ಎರಡು ಕಾರ್ನರ್ ನಮ್ಮಿಂದ ಕಪ್ ಕಿತ್ತುಕೊಂಡಿದ್ದವು, ಒಂದು ಕಾರ್ನರ್ ಅದನ್ನು ವಾಪಸ್ ಕೊಟ್ಟಿತು. ಲೀಗ್‌ನಲ್ಲಿ ಮೊದಲ ಸ್ಥಾನ ಬಂದವರು ಕಪ್ ಗೆಲ್ಲೋದಿಲ್ಲ ಅನ್ನೋ ಮಾತೂ ಅಲ್ಲಿಗೆ ಮುಗಿಯಿತು. ಹಾಗೆ ಗೆದ್ದ ಮೊದಲ ತಂಡ ನಮ್ಮದೇ. ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆವು. ನಾಲ್ಕನೇ ಸಲ ರಬ್ಬರ್ ಬ್ಯಾಂಡ್ ಹರಿದು ರಿಮೋಟಿನ ಸೆಲ್ ಕೆಳಗೆ ಬಿತ್ತು.

ಛೇತ್ರಿ ಕಪ್ ಎತ್ತುವಾಗ ಸುತ್ತಲಿನ ಬೀದಿಗಳಲ್ಲಿ ಪಟಾಕಿ ಶುರುವಾಯಿತು. ನಮ್ಮ ಗೋಲಿಗಲ್ಲ ಬಿಡಿ. ಅದೇ ರಾತ್ರಿ ದೆಹಲಿಯಲ್ಲಿ ಆರ್‌ಸಿಬಿ ಹೆಣ್ಣುಮಕ್ಕಳು ಮಹಿಳಾ ಕ್ರಿಕೆಟ್ ಲೀಗ್ ಡಬ್ಲ್ಯೂಪಿಎಲ್‌ನ ಫೈನಲ್ ಗೆದ್ದಿದ್ದರು. ಅಣ್ಣನ ಮಗಳು ಮೆಟ್ಟಿಲ ಮೇಲೆ ಕೂತು ಮೊಬೈಲ್‌ನಲ್ಲಿ ಅದನ್ನೇ ನೋಡುತ್ತಿದ್ದಳು. ನಮ್ಮ ಶ್ರೇಯಾಂಕಾ ಪಾಟೀಲ್‌ಗೆ ನಾಲ್ಕು ವಿಕೆಟ್ ಅಂತ ಕೂಗಿಕೊಂಡು ಮೇಲೆ ಓಡಿ ಬಂದಳು. ಇಷ್ಟು ವರ್ಷ ಕಾದ ಕಪ್ ಆರ್‌ಸಿಬಿಗೆ ಮೊದಲು ತಂದುಕೊಟ್ಟವರು ಅವರೇ ಅಲ್ವಾ. ಅವಳನ್ನು ನಡುವೆ ನಿಲ್ಲಿಸಿ, ಕೈ ಮೇಲೆತ್ತಿ, ಕಂಠೀರವದಲ್ಲಿ ಮಾಡುವ ಹಾಗೆ ನಿಧಾನಕ್ಕೆ ಶುರು ಮಾಡಿ ಜೋರಾಗುವ ವೈಕಿಂಗ್ ಚಪ್ಪಾಳೆ ಹೊಡೆದೆವು. ಪಕ್ಕದ ಟೆರೇಸ್‌ನವರೂ ಸೇರಿಕೊಂಡರು. ಅವರು ಯಾವುದಕ್ಕೆ ಹೊಡೆದರೋ ಕೇಳಲಿಲ್ಲ.

ಆ ಸೀಸನ್ ನಮ್ಮ ತಂಡಕ್ಕೆ ಚೆನ್ನಾಗಿರಲಿಲ್ಲ, ಕೊನೆಗೆ 10ನೇ ಸ್ಥಾನ. ಭೇಕೆ ಕೂಡ ಆಗ ಮುಂಬೈ ಸಿಟಿಯಲ್ಲಿದ್ದ. ಕೆಲವು ತಿಂಗಳಾದ ಮೇಲೆ ವಾಪಸ್ ಬಂದ, ಅದರ ಖುಷಿಯೇ ಬೇರೆ. ಆ ರಾತ್ರಿ ಅದು ಗೊತ್ತಿರಲಿಲ್ಲ.

ಬೆಡ್‌ಶೀಟ್ ಮಡಚುವ ಮುಂಚೆ, ಅಂದು ಮೆಸೇಜ್ ಕಳಿಸಿದ್ದ ಗೆಳೆಯನಿಗೆ ನಾನೂ ಒಂದು ಮೆಸೇಜ್ ಕಳಿಸಿದೆ. ಅವನು ಈಗ ಡಬ್ಲಿನ್‌ನಲ್ಲಿದ್ದಾನೆ, ಎರಡು ವರ್ಷದಿಂದ ಊರಿಗೆ ಬಂದಿಲ್ಲ. ನಾಲ್ಕು ಸಲ ಬರೆದೆ, ಬೇಕಂತಲೇ ಬ ಹಾಕಿ. "ಬೇಕೆ ಬೇಕೆ ಬೇಕೆ ಬೇಕೆ."

ಬೆಳಿಗ್ಗೆ ಎದ್ದು ನೋಡಿದಾಗ ಉತ್ತರ ಬಂದಿತ್ತು. "ಬೇಕು ಮಗಾ. ಅಣ್ಣಂಗೆ ಹೇಳು, ಬಾಕ್ಸ್ ಬದಲಾಯಿಸಬಾರ್ದು, ಮುಂದಿನ ಮಾರ್ಚ್‌ಗೆ ನಾನೂ ಬರ್ತೀನಿ."