ಸ್ನಾನದ ಪುಡಿಯ ದಾಖಲೆ: ಹನ್ನೊಂದು ಸಾಮಗ್ರಿಯಿಂದ ಎರಡಕ್ಕೆ ಇಳಿದದ್ದು

ನರಕ ಚತುರ್ದಶಿಯ ಸಂಜೆ

ಸಿದ್ದಾಪುರದ ಕಡೆಯ ನಮ್ಮ ಮನೆಯಲ್ಲಿ ನೀರು ತುಂಬುವ ಹಬ್ಬದ ಮಾರನೆಯ ಬೆಳಗಿನ ಎಣ್ಣೆಸ್ನಾನಕ್ಕೆ ಸಾಬೂನು ಬಚ್ಚಲಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಮೈಗೆ ಸೀಗೆಪುಡಿ, ತಲೆಗೆ ದಾಸವಾಳದ ಎಲೆ ಕಿವುಚಿದ ಗೊಂಪು, ಹಂಡೆಯ ತುಂಬ ಹೊಗೆಯ ವಾಸನೆಯ ಬಿಸಿನೀರು ಇದ್ದರೆ ಮುಗಿಯಿತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಈ ವರ್ಷ ಅದೇ ಶಾಸ್ತ್ರಕ್ಕೆ ಕೂತಾಗ ಸೀಗೆಪುಡಿಯ ಡಬ್ಬಿ ಖಾಲಿಯಾಗಿತ್ತು. ಕೊಳವೆಬಾವಿಯ ನೀರಿನಲ್ಲಿ ಮೂರು ಸಲ ಸಾಬೂನು ತಿಕ್ಕಿದರೂ ಎಣ್ಣೆ ಬಿಡಲಿಲ್ಲ. ಬಕೆಟ್ಟಿನ ಅಂಚಿಗೆ ಮೊಸರು ಒಡೆದಂತಹ ಬಿಳಿಯ ಕೆನೆ ಕಟ್ಟಿತು, ಮೊಣಕೈಯ ಹತ್ತಿರ ಚರ್ಮ ಎಳೆದು ಹಿಡಿದಂತಾಗಿ ಸಂಜೆಯ ಹೊತ್ತಿಗೆ ಬಿಳಿಯ ಪೊರೆ ಎದ್ದಿತು. ಚಳಿಗಾಲ ಮುಗಿಯುವುದರೊಳಗೆ ಈ ನೀರಿಗೆ ಹೊಂದುವ ಸ್ನಾನದ ಪುಡಿಯೊಂದನ್ನು ಮನೆಯಲ್ಲಿಯೇ ಸಿದ್ಧಪಡಿಸಬೇಕೆಂದು ತೀರ್ಮಾನಿಸಿ, ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟಗಳನ್ನು ಇದಕ್ಕಾಗಿ ಮೀಸಲಿಟ್ಟಿದ್ದೇನೆ.

ನವೆಂಬರ್ 9: ಮೊದಲ ಪಾಕ

ಗ್ರಂಥಿಗೆ ಅಂಗಡಿಗೆ ಹೋದವಳು ಅಂಗಡಿಯನ್ನೇ ಹೊತ್ತು ತಂದೆ ಎನ್ನಬೇಕು. ಸೀಗೆಕಾಯಿ, ಅಂಟುವಾಳ, ಹೆಸರುಕಾಳು, ಕಡಲೆಬೇಳೆ, ಮೆಂತ್ಯ, ಲಾವಂಚದ ಬೇರು, ಕಸ್ತೂರಿ ಅರಿಶಿನ, ಒಣಗಿದ ಗುಲಾಬಿ ಪಕಳೆ ಇವಿಷ್ಟು ಅಂಗಡಿಯಿಂದ, ದಾಸವಾಳದ ಎಲೆ, ಬೇವಿನ ಎಲೆ, ಕಿತ್ತಳೆ ಸಿಪ್ಪೆ ಮನೆಯಿಂದ, ಒಟ್ಟು ಹನ್ನೊಂದು. ಅಂಗಡಿಯವರು ಬಾವಂಚಿ ಎಂಬ ಔಷಧಿಯ ಬೀಜವನ್ನೂ ಪೊಟ್ಟಣ ಕಟ್ಟಲು ಹೊರಟಿದ್ದರು. ಅದರಲ್ಲಿರುವ ಸೋರಲೆನ್ ಎಂಬ ಅಂಶ ಚರ್ಮಕ್ಕೆ ತಾಗಿದ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಕೆಂಪಾಗಿ ಕಲೆ ಉಳಿಯುವ ಸಂಭವವಿರುವುದರಿಂದ ಬೇಡವೆಂದೆ. ಈ ಇಡೀ ಪ್ರಯತ್ನದಲ್ಲಿ ಮೊದಲ ದಿನವೇ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಅದು.

ಎರಡು ದಿನ ಬಾಲ್ಕನಿಯ ಬಿಸಿಲಿನಲ್ಲಿ ಒಣಗಿಸಿ, ಎಲ್ಲವನ್ನೂ ಒಟ್ಟಿಗೇ ಮಿಕ್ಸಿಗೆ ಹಾಕಿದೆ. ಬಡಾವಣೆಯ ಹಿಟ್ಟಿನ ಗಿರಣಿಯವರು ಸೀಗೆ ಎಂಬ ಹೆಸರು ಕೇಳಿದ ಕೂಡಲೇ ಕೈ ಅಲ್ಲಾಡಿಸಿದ್ದರು. ಆಮೇಲೆ ಬರುವ ರಾಗಿಯವರೆಲ್ಲ ಸೀನಬೇಕಾಗುತ್ತದೆ ಎಂಬ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಅಡುಗೆಮನೆಯಲ್ಲಿಯೂ ಅದೇ ಆಯಿತು: ಜಾರಿನ ಮುಚ್ಚಳ ತೆಗೆದ ಕ್ಷಣದಿಂದ ಅರ್ಧ ಗಂಟೆ ಮನೆಯವರೆಲ್ಲರೂ ಸರದಿಯ ಮೇಲೆ ಸೀನಿದೆವು.

ನವೆಂಬರ್ 16

ಮೊದಲ ಪಾಕ ಕೆಟ್ಟಿತು; ಅದೂ ಒಂದು ಬಗೆಯಲ್ಲಲ್ಲ. ಲಾವಂಚದ ಬೇರು ಮಿಕ್ಸಿಯಲ್ಲಿ ಪುಡಿಯಾಗುವುದರ ಬದಲು ನಾರುನಾರಾಗಿ ಉಳಿದು, ಸ್ನಾನದ ನೀರಿನೊಡನೆ ಬಚ್ಚಲಿನ ಜಾಲರಿಗೆ ಹೋಗಿ ಸೇರಿಕೊಂಡಿತು. ಮೆಂತ್ಯ ಅಲ್ಲಿಯೇ ನೆನೆದು ಉಬ್ಬಿ ಲೋಳೆಯಾಗಿ ಆ ನಾರನ್ನು ಗಾರೆ ಹಾಕಿದಂತೆ ಹಿಡಿದು ನಿಲ್ಲಿಸಿತು. ನೀರು ಕಣಕಾಲಿನವರೆಗೆ ನಿಂತಿತು, ಎಣ್ಣೆ ಬೆರೆತ ಆ ನೀರಿನಲ್ಲಿ ನಮ್ಮನೆಯವರು ಜಾರಿದರು; ಪುಣ್ಯಕ್ಕೆ ನಲ್ಲಿ ಕೈಗೆ ಸಿಕ್ಕಿತು. ಡಬ್ಬಿಯಲ್ಲಿ ಉಳಿದ ಪುಡಿಯನ್ನು ಇಂದು ತೆರೆದು ನೋಡಿದರೆ ಗಂಟುಗಂಟಾಗಿ ಮುಗ್ಗಲು ವಾಸನೆ ಬರುತ್ತಿದೆ. ಬೇವಿನ ಎಲೆ ಕೈಯಲ್ಲಿ ಪುಡಿಯಾಗುವಷ್ಟು ಒಣಗಿದ್ದರೂ ದಾಸವಾಳದ ಎಲೆಯ ತೊಟ್ಟು ಮತ್ತು ನಡುನರ ಹಸಿಯಾಗಿಯೇ ಇದ್ದಿರಬೇಕು. ಆ ಒಂದು ಪಸೆ ಡಬ್ಬಿಯ ಉಳಿದ ಹತ್ತನ್ನೂ ಕೆಡಿಸಿತು.

ಊರಿನಲ್ಲಿರುವ ಆಯಿಗೆ, ಎಂದರೆ ಅಮ್ಮನಿಗೆ, ಫೋನಿನಲ್ಲಿ ಸಾಮಗ್ರಿಗಳ ಪಟ್ಟಿಯನ್ನು ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಇದೆಂತ ಸ್ನಾನದ ಪುಡಿಯೋ ಸಾರಿನ ಪುಡಿಯೋ ಕೂಸೆ?” ಎಂದಳು. ಊರಿನಲ್ಲಿ ಗೊಂಪಿಗೆ ಯಾರೂ ಎಲೆ ಒಣಗಿಸುವುದಿಲ್ಲ, ಸ್ನಾನದ ಹೊತ್ತಿಗೆ ಗಿಡದಿಂದ ಕೊಯ್ದು ನೀರಿನಲ್ಲಿ ಕಿವುಚುತ್ತಾರೆ ಎಂಬುದನ್ನು ನಾನೇ ನೆನಪಿಸಿಕೊಳ್ಳಬೇಕಾಗಿತ್ತು.

ನವೆಂಬರ್ 23 ಮತ್ತು 30: ಒಂದೊಂದೇ ಪರೀಕ್ಷೆ

ಹನ್ನೊಂದನ್ನು ಬೆರೆಸಿದ ಮೇಲೆ ಯಾವುದು ಕೆಲಸ ಮಾಡಿತು, ಯಾವುದು ಸುಮ್ಮನೆ ಜೊತೆಗೆ ಬಂದಿತು ಎಂದು ತಿಳಿಯುವ ದಾರಿಯಿಲ್ಲ. ಆದ್ದರಿಂದ ಎರಡು ಭಾನುವಾರ ಮುಂಗೈಯನ್ನೇ ಪ್ರಯೋಗಶಾಲೆ ಮಾಡಿಕೊಂಡೆ. ಅರ್ಧ ಚಮಚ ಕೊಬ್ಬರಿ ಎಣ್ಣೆಯನ್ನು ಮುಂಗೈಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಒಂದು ಚಮಚ ಪುಡಿಯನ್ನು ನೀರಿನಲ್ಲಿ ಕಲಸಿ ತಿಕ್ಕಿ, ಒಂದು ಚೊಂಬು ನೀರು ಹೊಯ್ದು, ಚರ್ಮದ ಮೇಲೆ ನೀರು ಹನಿಹನಿಯಾಗಿ ನಿಲ್ಲುತ್ತದೆಯೋ ಹಾಳೆಯಾಗಿ ಹರಡುತ್ತದೆಯೋ ಎಂದು ನೋಡುವುದು ಕ್ರಮ. ಹನಿ ನಿಂತರೆ ಎಣ್ಣೆ ಉಳಿದಿದೆ ಎಂದರ್ಥ.

ಹೆಸರುಹಿಟ್ಟು ಎಣ್ಣೆಯನ್ನು ಹೀರಿಕೊಂಡು ಸಣ್ಣ ಸಣ್ಣ ಉಂಡೆಗಳಾಗಿ ಉದುರುತ್ತದೆ. ತೊಳೆದ ಮೇಲೆ ಅಲ್ಲಲ್ಲಿ ಹನಿ ನಿಲ್ಲುತ್ತದೆ, ಆದರೆ ಚರ್ಮ ಮೆತ್ತಗಿರುತ್ತದೆ. ಕಡಲೆಹಿಟ್ಟೂ ಹಾಗೆಯೇ, ತುಸು ಹೆಚ್ಚು ಅಂಟು. ಸೀಗೆ ಎಣ್ಣೆಯನ್ನು ಬಹುಮಟ್ಟಿಗೆ ತೆಗೆಯುತ್ತದೆ, ನೀರು ಹಾಳೆಯಾಗಿ ಹರಿಯುತ್ತದೆ. ಅಂಟುವಾಳ ನೊರೆಯ ರಾಜ. ಎಣ್ಣೆಯನ್ನು ಮಾತ್ರವಲ್ಲದೆ ಚರ್ಮದ್ದೇ ಆದ ಜಿಡ್ಡನ್ನೂ ಒರೆಸಿಕೊಂಡು ಹೋಗಿ, ಒಣಗಿದ ಮೇಲೆ ಮುಂಗೈಯನ್ನು ಕಾಗದದಂತೆ ಮಾಡಿತು. ಮೆಂತ್ಯ, ಕಿತ್ತಳೆ ಸಿಪ್ಪೆ, ಗುಲಾಬಿ, ಬೇವು ಇವು ಎಣ್ಣೆ ತೆಗೆಯುವ ವಿಷಯದಲ್ಲಿ ಏನೂ ಮಾಡಲಿಲ್ಲ. ಪರಿಮಳಕ್ಕೆ ಬೇಕಾದರೆ ಇರಲಿ ಎನ್ನಬಹುದು, ಆದರೆ ಡಬ್ಬಿಯಲ್ಲಿ ವಾರವೊಂದು ಕಳೆದ ಮೇಲೆ ಗುಲಾಬಿಯ ಪರಿಮಳವೂ ಉಳಿಯಲಿಲ್ಲ.

ಸೀಗೆ ಮತ್ತು ಅಂಟುವಾಳ ಎರಡರಲ್ಲಿಯೂ ಕೆಲಸ ಮಾಡುವುದು ಸಪೋನಿನ್ ಎಂಬ ವಸ್ತು. ಸಾಬೂನು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಸೇರಿ ಕರಗದ ಕೆಸರಾಗುತ್ತದೆ. ಹಬ್ಬದ ದಿನ ಬಕೆಟ್ಟಿನ ಅಂಚಿಗೆ ಕಟ್ಟಿದ ಬಿಳಿಯ ಕೆನೆ ಅದೇ. ಸಪೋನಿನ್ ಹಾಗೆ ಒಡೆಯುವುದಿಲ್ಲವಾದ್ದರಿಂದ ಅದೇ ಕೊಳವೆಬಾವಿಯ ನೀರಿನಲ್ಲಿ ಸೀಗೆ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಕಾವೇರಿ ನೀರು ಬರುವ ದಿನ ಹಿಡಿದಿಟ್ಟುಕೊಂಡು ಹೋಲಿಸಿ ನೋಡಿದೆ: ಸಾಬೂನಿಗೆ ಎರಡು ನೀರಿನ ನಡುವೆ ಅಜಗಜಾಂತರ, ಸೀಗೆಗೆ ಹೇಳಿಕೊಳ್ಳುವಂತಹ ಅಂತರವಿಲ್ಲ.

ಇನ್ನೊಂದು ಪರೀಕ್ಷೆಯನ್ನು ಮಗಳ ಶಾಲೆಯ ವಿಜ್ಞಾನದ ಪಾಠದಿಂದ ಎರವಲು ಪಡೆದೆ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಮೇಲೆ ಸಾಬೂನಿನ ನೀರು ಬಿದ್ದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವಾಗ ಆಗುವುದೂ ಅದೇ, ಕ್ಷಾರ ತಾಗಿದೊಡನೆ ಬಣ್ಣ ತಿರುಗುತ್ತದೆ. ಸೀಗೆಯ ನೀರು, ಅಂಟುವಾಳದ ನೀರು, ಹೆಸರುಹಿಟ್ಟಿನ ನೀರು ಮೂರಕ್ಕೂ ಕಾಗದ ಹಳದಿಯಾಗಿಯೇ ಉಳಿಯಿತು. ಆದರೆ ಅರಿಶಿನ ಕ್ಷಾರವನ್ನು ಮಾತ್ರ ತೋರಿಸುತ್ತದೆ, ಹುಳಿಯನ್ನು ತೋರಿಸುವುದಿಲ್ಲ. ಅದಕ್ಕೆ ಕೆಂಪು ದಾಸವಾಳದ ಹೂವನ್ನು ಬಿಸಿನೀರಿಗೆ ಹಾಕಿ ಬಣ್ಣ ಇಳಿಸಿಕೊಂಡು ಸಣ್ಣ ಲೋಟಗಳಿಗೆ ಹಂಚಿದೆ. ಸಾಬೂನಿನ ಲೋಟ ಹಸಿರಿಗೆ ತಿರುಗಿತು, ಸೋಸಿದ ಸೀಗೆನೀರಿನ ಲೋಟ ಕಂದು ಬೆರೆತ ಕೆಂಪಿನಲ್ಲಿಯೇ ನಿಂತಿತು. ಆರೋಗ್ಯವಂತ ಚರ್ಮದ ಮೇಲ್ಪದರದ ಪಿಎಚ್ ಸುಮಾರು 5, ಎಂದರೆ ತುಸು ಹುಳಿಯ ಕಡೆಗೆ. ಸಾಬೂನಿನದು 9ರಿಂದ 10. ಮೊಣಕೈ ಏಕೆ ಪೊರೆ ಎದ್ದಿತ್ತು ಎಂಬುದು ಆ ಎರಡು ಲೋಟಗಳನ್ನು ಅಕ್ಕಪಕ್ಕ ಇಟ್ಟಾಗ ನನಗೆ ಮನದಟ್ಟಾಯಿತು.

ಡಿಸೆಂಬರ್ 7: ಎರಡನೆಯ ಪಾಕ

ಮೈಗೆ: ಹೆಸರುಹಿಟ್ಟು 250 ಗ್ರಾಂ, ಸೀಗೆ 50 ಗ್ರಾಂ, ಕಸ್ತೂರಿ ಅರಿಶಿನ 10 ಗ್ರಾಂ. ತಲೆಗೆ: ಸೀಗೆ 200 ಗ್ರಾಂ, ಅಂಟುವಾಳ 50 ಗ್ರಾಂ, ಗೊಂಪು ಬೇಕಾದಾಗ ಹಸಿ ಎಲೆಯದು.

ಈ ಸಲ ಒಣಗಿಸುವುದಕ್ಕೆ ಆತುರಪಡಲಿಲ್ಲ. ಡಿಸೆಂಬರಿನ ಬೆಂಗಳೂರಿನ ಬಿಸಿಲು ನಾಚಿಕೊಂಡು ಬಂದು ಹೋಗುವಂತಹುದು, ಆದ್ದರಿಂದ ನಾಲ್ಕು ದಿನ ಹಿಡಿಯಿತು. ಸೀಗೆಕಾಯಿಯನ್ನು ಬೆರಳಿನಲ್ಲಿ ಬಗ್ಗಿಸಿದರೆ ಬಾಗಬಾರದು, ಚಟ್ಟನೆ ಮುರಿಯಬೇಕು. ಬಾಗಿದರೆ ಇನ್ನೊಂದು ದಿನ. ಬೀಜಗಳನ್ನು ಬಿಡಿಸಿ ತೆಗೆದೆ. ಅಂಟುವಾಳದ ಕರಿಯ ಬೀಜವನ್ನಂತೂ ತೆಗೆಯಲೇಬೇಕು. ಗೋಲಿಯಷ್ಟು ಗಟ್ಟಿಯಾದ ಅದನ್ನು ಹಾಕಿದರೆ ಮಿಕ್ಸಿಯ ಬ್ಲೇಡಿಗೆ ಆಯುಷ್ಯವಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಅರೆದ ಮೇಲೆ ಹದಿನೈದು ನಿಮಿಷ ಜಾರನ್ನು ತೆರೆಯದೆ ಬಿಟ್ಟದ್ದರಿಂದ ಸೀನು ನಾಲ್ಕಕ್ಕೆ ನಿಂತಿತು.

ನಿಜವಾದ ಬದಲಾವಣೆ ಸಾಮಗ್ರಿಯಲ್ಲಿ ಆಗಲಿಲ್ಲ, ಜರಡಿಯಲ್ಲಿ ಆಯಿತು. ಹಿಟ್ಟಿನ ಜರಡಿಯಲ್ಲಿ ಜಾಲಿಸಿದ ಸೀಗೆಪುಡಿ ನೋಡುವುದಕ್ಕೆ ನುಣುಪಾಗಿ ಕಂಡರೂ ಕೆನ್ನೆಗೆ ತಿಕ್ಕಿದಾಗ ಮರಳಿನಂತೆ ಗೀರುತ್ತಿತ್ತು. ವೈದ್ಯರು ಚೂರ್ಣವನ್ನು ಬಟ್ಟೆಯಲ್ಲಿ ಸೋಸಿ ವಸ್ತ್ರಗಾಳಿತ ಮಾಡುತ್ತಾರೆಂದು ಕೇಳಿದ್ದ ನೆನಪಿನ ಮೇಲೆ, ಹಳೆಯ ಪಂಚೆಯ ತುಂಡೊಂದನ್ನು ಪಾತ್ರೆಯ ಬಾಯಿಗೆ ಸಡಿಲವಾಗಿ ಕಟ್ಟಿ, ಹಿಡಿ ಹಿಡಿಯಾಗಿ ಪುಡಿ ಹಾಕಿ ಅಂಗೈಯಿಂದ ಮೆಲ್ಲನೆ ಸವರುತ್ತ ಹೋದೆ. ಪಂಚೆಯ ಅಡಿಯಿಂದ ಹೊಗೆಯಂತೆ ಇಳಿದ ಪುಡಿಯನ್ನು ಬೆರಳುಗಳ ನಡುವೆ ಹೊಸಕಿದರೆ ಮುಖದ ಪೌಡರಿನ ಹಾಗೆ ಜಾರುತ್ತಿತ್ತು. ಕಾಲು ಕಿಲೋ ಸೋಸಲು ಒಂದೂವರೆ ಗಂಟೆ ಬೇಕಾಯಿತು, ಬಲಗೈ ಸೋತಿತು, ನೂರು ಗ್ರಾಮಿನಷ್ಟು ತರಿ ಮೇಲೆ ಉಳಿಯಿತು. ಅದನ್ನು ಎಸೆಯದೆ ದೇವರ ಮನೆಯ ಬೆಳ್ಳಿ ದೀಪಗಳನ್ನು ಬೆಳಗಲು ಇಟ್ಟುಕೊಂಡಿದ್ದೇನೆ.

ಬಳಸುವ ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದೆವು. ಅಡುಗೆಮನೆಯ ವಸ್ತುವಾದ ಮಾತ್ರಕ್ಕೆ ಚರ್ಮ ಒಪ್ಪಲೇಬೇಕೆಂಬ ಕರಾರೇನೂ ಇಲ್ಲ. ಕಳೆದ ಬೇಸಗೆಯಲ್ಲಿ ನಾದಿನಿ ಕೈಯ ಕಪ್ಪು ಹೋಗಲೆಂದು ಲಿಂಬೆಹೋಳು ತಿಕ್ಕಿಕೊಂಡು ತಾರಸಿಯಲ್ಲಿ ಹಪ್ಪಳ ಒಣಗಿಸಲು ಕೂತಿದ್ದಳು; ಎರಡು ದಿನಕ್ಕೆ ಗುಳ್ಳೆ ಎದ್ದು, ಹೋಗಬೇಕಾದ ಕಪ್ಪಿನ ಜೊತೆಗೆ ಹೊಸ ಕಪ್ಪೂ ಸೇರಿ ಮೂರು ತಿಂಗಳು ಉಳಿಯಿತು. ಲಿಂಬೆಯ ಸಿಪ್ಪೆಯ ಎಣ್ಣೆಯಲ್ಲಿರುವುದೂ ಬಾವಂಚಿಯ ಬಳಗದ್ದೇ ಅಂಶ.

ಡಿಸೆಂಬರ್ 21

ಮೈಪುಡಿ ಚೆನ್ನಾಗಿದೆ, ಮೊಣಕೈಯ ಪೊರೆ ನಿಂತಿದೆ. ತಕರಾರು ಅರಿಶಿನದ್ದು. ಬಿಳಿಯ ಟವೆಲು ಹಳದಿಯಾಯಿತು, ಒಗೆಯಲು ಸಾಬೂನು ಹಾಕಿದೊಡನೆ ರಕ್ತ ಒರೆಸಿದಂತೆ ಕೆಂಪಾಯಿತು, ಮನೆಕೆಲಸಕ್ಕೆ ಬರುವ ಅಕ್ಕ ಗಾಬರಿಯಿಂದ ನನ್ನ ಕೈಕಾಲು ನೋಡಿದರು. ಅರಿಶಿನದ ಬಣ್ಣ ಬಿಸಿಲಿಗೆ ಹಾರುವ ಬಣ್ಣವಾದ್ದರಿಂದ ಎರಡು ಹಗಲು ತಂತಿಯ ಮೇಲೆ ಹಾಕಿದ್ದಕ್ಕೆ ಟವೆಲು ಮತ್ತೆ ಬೆಳ್ಳಗಾಯಿತು. ಮುಂದಿನ ಪಾಕಕ್ಕೆ ಅರಿಶಿನ ಇಲ್ಲ. ಎಣ್ಣೆ ತೆಗೆಯುವಲ್ಲಿ ಅದರ ಪಾತ್ರವೇನೂ ಇರಲಿಲ್ಲ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಈಗ ಬೆಳಗಿನ ಹೊತ್ತು ಸೀಸೆಯನ್ನು ಬಿಸಿನೀರಿನಲ್ಲಿ ನಿಲ್ಲಿಸಬೇಕು. ಒಂದು ವಾರ ಹರಳೆಣ್ಣೆಯನ್ನೂ ನೋಡಿದೆ; ಅದರ ಜಿಗುಟಿಗೆ ತಲೆಪುಡಿ ಎರಡರಷ್ಟು ಹಿಡಿಯಿತು. ಸದ್ಯಕ್ಕೆ ಎಳ್ಳೆಣ್ಣೆಯೇ ಅನುಕೂಲ.

ಜನವರಿ 11: ಹಿಮ್ಮಡಿ

ಪುಡಿಗೆ ಸಂಬಂಧಿಸಿದ್ದಲ್ಲವಾದರೂ ಸ್ನಾನದ ಕೊನೆಗೆ ಬರುವ ಕೆಲಸವಾದ್ದರಿಂದ ಇಲ್ಲಿಯೇ ಬರೆಯುತ್ತೇನೆ. ಹಿಮ್ಮಡಿ ಒಡೆದು ಸೀರೆಯ ಅಂಚು ಸಿಕ್ಕಿಕೊಳ್ಳುವ ಮಟ್ಟಕ್ಕೆ ಬಂದಿತ್ತು. ಆಯಿ ಊರಿನಿಂದ ಬರುವವರ ಕೈಯಲ್ಲಿ ಮುರುಗಲು ತುಪ್ಪದ ಎರಡು ಉಂಡೆ ಕಳುಹಿಸಿದಳು. ಮುರುಗಲು ಹಣ್ಣಿನ ಬೀಜ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಉಂಡೆ ಕಟ್ಟುವ ಈ ತುಪ್ಪ ನಮ್ಮ ಕಡೆ ಮಳೆಗಾಲದ ಕೊನೆಗೆ ಮನೆಮನೆಯಲ್ಲಿಯೂ ಇರುತ್ತಿತ್ತು. ಸುಮಾರು 40 ಡಿಗ್ರಿಗೆ ಕರಗುವಂತಹುದಾದ್ದರಿಂದ ಉಂಡೆಯನ್ನು ಹಾಗೆಯೇ ಹಿಮ್ಮಡಿಗೆ ಉಜ್ಜಿದರೆ ಮೇಣದಬತ್ತಿ ತೀಡಿದಂತಾಗುತ್ತದೆ, ಒಳಗೆ ಇಳಿಯುವುದಿಲ್ಲ. ಚಮಚದಲ್ಲಿ ಸ್ವಲ್ಪ ಕೆತ್ತಿ ದೀಪದ ಮೇಲೆ ಕರಗಿಸಿ, ಉಗುರುಬೆಚ್ಚಗಿರುವಾಗ ಬಿರುಕಿಗೆ ಹನಿಸಬೇಕು. ಅಲ್ಲಿಯೇ ಹೆಪ್ಪುಗಟ್ಟಿ ಬಿರುಕನ್ನು ಮುಚ್ಚುತ್ತದೆ. ಕಾಲನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ಇಟ್ಟು ಒರೆಸಿದ ಕೂಡಲೇ ಹಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಮಲಗುವಾಗ ಹಚ್ಚಿ ಹಳೆಯ ಕಾಲುಚೀಲ ಹಾಕಿಕೊಂಡ ಹನ್ನೆರಡನೆಯ ರಾತ್ರಿಗೆ ಎಡಗಾಲು ಪೂರ್ತಿ ಕೂಡಿಕೊಂಡಿತು, ಬಲಗಾಲಿನ ಒಂದು ಆಳವಾದ ಸೀಳು ಮಾತ್ರ ಉಳಿದಿದೆ. ಸಕ್ಕರೆ ಕಾಯಿಲೆ ಇರುವ ಮಾವನವರಿಗೆ ಇದನ್ನು ನಾನು ಹಚ್ಚಿಲ್ಲ. ಅವರ ಕಾಲಿನ ಬಿರುಕನ್ನು ವೈದ್ಯರೇ ನೋಡುತ್ತಿದ್ದಾರೆ.

ಫೆಬ್ರವರಿ 8: ಮೂರನೆಯ ಪಾಕ

ಮೈಪುಡಿಯಲ್ಲಿ ಈಗ ಇರುವುದು ಎರಡೇ: ಹೆಸರುಹಿಟ್ಟು ಐದು ಪಾಲು, ಸೀಗೆ ಒಂದು ಪಾಲು, ಎರಡೂ ಪಂಚೆಯಲ್ಲಿ ಸೋಸಿದ್ದು. ಹೆಸರುಕಾಳನ್ನು ಅರೆಯುವ ಮೊದಲು ಬಾಣಲೆಯಲ್ಲಿ ಬಣ್ಣ ತಿರುಗದಷ್ಟು ಬೆಚ್ಚಗೆ ಮಾಡಿಕೊಂಡಿದ್ದೇನೆ. ಎರಡನೆಯ ಪಾಕದ ಡಬ್ಬಿಯ ತಳದಲ್ಲಿ ಜನವರಿ ಕೊನೆಗೆ ಹುಳು ಕಾಣಿಸಿದ್ದವು. ಒಂದೇ ದೊಡ್ಡ ಡಬ್ಬಿಯ ಬದಲು ವಾರಕ್ಕೆ ಸಾಲುವ ಸಣ್ಣ ಡಬ್ಬಿಯೊಂದು ಬಚ್ಚಲಿನಲ್ಲಿ, ಉಳಿದದ್ದು ಅಡುಗೆಮನೆಯ ಅಟ್ಟದ ಮೇಲೆ. ಒದ್ದೆ ಕೈ ಹಾಕುವವರನ್ನು ತಡೆಯಲು ಡಬ್ಬಿಯೊಳಗೆ ಮರದ ಚಮಚ ಇಟ್ಟಿದ್ದೇನೆ, ಆದರೂ ಮಗಳು ಕೈಯನ್ನೇ ಹಾಕುತ್ತಾಳೆ.

ತಲೆಪುಡಿ ಇನ್ನೂ ಹದಕ್ಕೆ ಬಂದಿಲ್ಲ. ಅಂಟುವಾಳವನ್ನು 50ರಿಂದ 20 ಗ್ರಾಮಿಗೆ ಇಳಿಸಿದ ಮೇಲೆ ಕೂದಲು ಒರಟಾಗುವುದು ನಿಂತಿತು, ಆದರೆ ಸೀಗೆಯ ಕಣ ಬುಡದಲ್ಲಿ ಉಳಿದು ಒಣಗಿದ ಮೇಲೆ ಹೆಗಲಿಗೆ ಉದುರುತ್ತದೆ. ಹಿಂದಿನ ಭಾನುವಾರ ಎರಡು ಚಮಚ ತಲೆಪುಡಿಯನ್ನು ರಾತ್ರಿಯೇ ನೀರಿಗೆ ಹಾಕಿ, ಬೆಳಿಗ್ಗೆ ಕುದಿಸಿ ಸೋಸಿ, ಆರಿದ ತಿಳಿಯನ್ನು ಗೊಂಪಿಗೆ ಬೆರೆಸಿ ನೋಡಿದೆ. ಕಣದ ಕಾಟ ತಪ್ಪಿತು, ಆದರೆ ಮಗಳು ಕಣ್ಣು ಬಿಟ್ಟಳು. ಸೀಗೆ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಮನೆಯ ಹಿಂದುಮುಂದಿನವರಿಗೆಲ್ಲ ಕೇಳುವಂತೆ ತಿಳಿಸಿದಳು. ಮುಂದಿನ ಭಾನುವಾರ ಅದೇ ತಿಳಿಯನ್ನು ತುಸು ದಪ್ಪಗೆ, ಗೊಂಪು ಇಮ್ಮಡಿ ಮಾಡಿ ನೋಡುವುದಿದೆ. ಕುಂಡದ ದಾಸವಾಳದಲ್ಲಿ ಈಗ ಉಳಿದಿರುವುದು ಹನ್ನೆರಡು ಎಲೆ.